ಹೈಸ್ಕೂಲು ಮುಗಿಯುವ ತನಕ: ಓದಿಸುವ ಸಂಸ್ಥೆಯೊಂದರ ವಿಮರ್ಶೆ

ಒಂದು ಸಣ್ಣ ಸಂಸ್ಥೆಯ ಮೂಲಕ ನಾನು ಒಬ್ಬ ಹುಡುಗಿಯ ಹೈಸ್ಕೂಲು ಖರ್ಚು ನೋಡಿಕೊಂಡೆ. ಅವಳು ಮೊದಲ ವರ್ಷಕ್ಕೆ ಸೇರಿದಾಗ ಶುರುವಾಗಿದ್ದು, ಕೊನೆಯ ಪಬ್ಲಿಕ್ ಪರೀಕ್ಷೆ ಬರೆದು ಅಂಕಪಟ್ಟಿ ಕೈಗೆ ಬಂದ ಮೇಲೆ ಮುಗಿಯಿತು. ಇಂಥ ಸೇವೆಗಳ ಬಗ್ಗೆ ಜನ ಸಾಮಾನ್ಯವಾಗಿ ಬರೆಯುವುದು ಸೇರಿದ ಹೊಸದರಲ್ಲಿ. ಮೊದಲ ಫೋಟೊ ಬಂದಿರುತ್ತದೆ, ಮೊದಲ ಪತ್ರ ಬಂದಿರುತ್ತದೆ, ಮನಸ್ಸು ತುಂಬಿರುತ್ತದೆ. ನಾನು ಕೊನೆಯವರೆಗೂ ನೋಡಿ ಈಗ ಬರೆಯುತ್ತಿದ್ದೇನೆ. ಇಂಥ ಸಂಸ್ಥೆ ಹೇಗಿದೆ ಅಂತ ಗೊತ್ತಾಗುವುದು ಮೊದಲ ವರ್ಷದಲ್ಲಲ್ಲ, ಏನಾದರೂ ತೊಂದರೆ ಬಂದ ವರ್ಷದಲ್ಲಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅನ್ನುವುದನ್ನೂ ಹೇಳುತ್ತೇನೆ.

ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಹುಡುಗಿಯ ಹೆಸರು, ಊರು, ದೇಶ ಯಾವುದೂ ಇಲ್ಲಿ ಬರುವುದಿಲ್ಲ. ಅದು ಕೆಲವೇ ಶಾಲೆಗಳ ಜೊತೆ ಕೆಲಸ ಮಾಡುವ ಸಂಸ್ಥೆ. ಯಾವ ಸಂಸ್ಥೆ ಅಂತ ಗೊತ್ತಾದರೆ ಯಾವ ಹುಡುಗಿ ಅಂತ ಹುಡುಕುವುದು ಕಷ್ಟವಲ್ಲ. ಅವಳ ಮನೆಯ ಬಡತನ ನಾಲ್ಕು ಜನರ ಬಾಯಿಗೆ ಬೀಳುವುದು ನನಗೆ ಬೇಡ.

ನಾನು ಕೆಲಸದಲ್ಲಿದ್ದಷ್ಟು ವರ್ಷ ಬೇರೆಯವರ ಲೆಕ್ಕ ತಪಾಸಣೆ ಮಾಡಿದವಳು. ರಸೀದಿ ನೋಡದೆ ಯಾವುದನ್ನೂ ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ. ಒಬ್ಬ ವಿದ್ಯಾರ್ಥಿಯನ್ನು ಓದಿಸುತ್ತೇನೆ ಅಂದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ದುಡ್ಡು ಮಗುವಿಗೆ ಹೋಗಿ ಸೇರುತ್ತಾ ಅಂತ. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಸಂಸ್ಥೆಯ ಜೊತೆ ಮೊದಲ ಸಲ ಮಾತಾಡಿದಾಗ ನಾನು ಬೇರೆಯದನ್ನೇ ಕೇಳಿದೆ. ನಾನು ಮಧ್ಯದಲ್ಲಿ ದುಡ್ಡು ಕೊಡುವುದನ್ನು ನಿಲ್ಲಿಸಿದರೆ ಅವಳಿಗೆ ಏನಾಗುತ್ತದೆ? ಅವಳು ಒಂದು ವರ್ಷ ಫೇಲಾದರೆ ನೀವು ಏನು ಮಾಡುತ್ತೀರಿ?

ಇದನ್ನೇ ಕೇಳಿದ್ದಕ್ಕೆ ಕಾರಣ ಇದೆ. ಹೈಸ್ಕೂಲು ಅರ್ಧ ಓದಿದವರ ಕೈಯಲ್ಲಿ ಕೊನೆಗೆ ಯಾವ ಕಾಗದವೂ ಉಳಿಯುವುದಿಲ್ಲ. ಹುಡುಗಿ ಎರಡು ವರ್ಷ ಚೆನ್ನಾಗಿ ಓದಿರಬಹುದು, ಬೀಜಗಣಿತ ಕಲಿತಿರಬಹುದು. ಆದರೆ ಕೊನೆಯ ಪರೀಕ್ಷೆ ಬರೆಯದಿದ್ದರೆ ಕೆಲಸ ಕೊಡುವವನಿಗೆ, ಮುಂದಿನ ಕಾಲೇಜಿಗೆ, ತರಬೇತಿ ಕೇಂದ್ರಕ್ಕೆ ತೋರಿಸಲು ಏನೂ ಇಲ್ಲ. ಅವಳನ್ನು ಶಾಲೆಗೆ ಕಳಿಸಿ ಆ ಎರಡು ವರ್ಷ ಅವಳ ದುಡಿಮೆ ಬಿಟ್ಟುಕೊಟ್ಟ ಮನೆಯವರಿಗಂತೂ ಅದು ಪೂರ್ತಿ ನಷ್ಟ. ಮುಂದಿನ ಮಗುವನ್ನು ಕಳಿಸುವ ಧೈರ್ಯ ಅವರಿಗೆ ಬರುವುದು ಕಷ್ಟ. ಅದಕ್ಕೇ ಅರ್ಧದಲ್ಲಿ ನಿಲ್ಲುವ ಸಹಾಯಕ್ಕೆ ನಾನು ಹೆದರುತ್ತೇನೆ.

ಹೈಸ್ಕೂಲಿನ ಹಂತವೇ ಹಾಗೆ ನಡುವೆ ಸಿಕ್ಕಿಕೊಂಡಿದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿಯನ್ನು ಓದಿ ನೋಡಿ. ಪ್ರಾಥಮಿಕ ಶಿಕ್ಷಣ ಕಡ್ಡಾಯ, ಎಲ್ಲರಿಗೂ ಉಚಿತ ಅಂತ ನೇರವಾಗಿ ಹೇಳುತ್ತದೆ. ಪ್ರೌಢಶಿಕ್ಷಣಕ್ಕೆ ಬಂದಾಗ ಮಾತು ಮೆತ್ತಗಾಗುತ್ತದೆ. ಪ್ರತಿ ಮಗುವಿಗೂ ಅದು ಸಿಗುವಂತೆ ಮಾಡಬೇಕು, ಉಚಿತ ಮಾಡುವುದು, ಅಗತ್ಯ ಇದ್ದವರಿಗೆ ಹಣದ ನೆರವು ಕೊಡುವುದು ಇಂಥ ಕ್ರಮ ತೆಗೆದುಕೊಳ್ಳಬೇಕು ಅನ್ನುತ್ತದೆ. 2015ರಲ್ಲಿ ವಿಶ್ವಸಂಸ್ಥೆಯ ದೇಶಗಳು 2030ರ ಹೊತ್ತಿಗೆ ಎಲ್ಲ ಮಕ್ಕಳೂ ಉಚಿತವಾಗಿ ಪ್ರೌಢಶಿಕ್ಷಣ ಮುಗಿಸಬೇಕು ಅನ್ನುವ ಗುರಿ ಇಟ್ಟುಕೊಂಡವು. ಆದರೆ ಯುನೆಸ್ಕೊ 2022ರಲ್ಲಿ ಕೊಟ್ಟ ಅಂದಾಜಿನಲ್ಲಿ 6ರಿಂದ 18 ವರ್ಷದ 24.4 ಕೋಟಿ ಮಕ್ಕಳು ಶಾಲೆಯ ಹೊರಗಿದ್ದರು. ಅವರಲ್ಲಿ ಸುಮಾರು ಅರ್ಧದಷ್ಟು ಹೈಸ್ಕೂಲಿನ ಮೇಲಿನ ತರಗತಿಗಳಲ್ಲಿ ಇರಬೇಕಾದ ವಯಸ್ಸಿನವರು. ಚಿಕ್ಕ ತರಗತಿಗಳಲ್ಲಿ ಇದ್ದ ಮಕ್ಕಳೇ ಮೇಲೆ ಬಂದಂತೆ ಕಾಣೆಯಾಗುತ್ತಾರೆ.

ನನ್ನ ಪ್ರಶ್ನೆಗಳಿಗೆ ಸಂಸ್ಥೆ ಕೊಟ್ಟ ಉತ್ತರ ಚೆನ್ನಾಗಿತ್ತು. ಅದಕ್ಕೇ ಸೇರಿದೆ. ಅವರು ತಿಂಗಳ ಕಂತಿನ ಜೊತೆಗೆ ಒಂದು ಅವಧಿಯ ಪೂರ್ತಿ ಖರ್ಚನ್ನು ಮೊದಲೇ ಕಟ್ಟಿಸಿಕೊಳ್ಳುತ್ತಾರೆ. ಅದು ಮೀಸಲು ಹಣ. ಕೊಡುವವರು ನಿಲ್ಲಿಸಿದರೆ ಆ ಹಣದಲ್ಲಿ ಅವಧಿ ಮುಗಿಯುತ್ತದೆ, ಅಷ್ಟರಲ್ಲಿ ಬೇರೆಯವರನ್ನು ಹುಡುಕುತ್ತಾರೆ. ಸಿಗದಿದ್ದರೆ ಸಾಮಾನ್ಯ ನಿಧಿಯಿಂದ ಕಟ್ಟುತ್ತಾರೆ. ಈ ವಿಷಯ ಮಗುವಿಗೆ ತಿಳಿಯುವುದೇ ಇಲ್ಲ. ಅಂದರೆ ಮಾತು ಕೊಟ್ಟವರು ಸಂಸ್ಥೆಯವರು, ನಾನಲ್ಲ. ಹಾಗೇ ಇರಬೇಕು. ನನ್ನ ಆರೋಗ್ಯ, ನನ್ನ ಮನೆ ಖರ್ಚು, ನನ್ನ ಮನಸ್ಸು ಇವುಗಳ ಮೇಲೆ ಇನ್ನೊಬ್ಬರ ಮಗಳ ಓದು ನಿಂತಿರಬಾರದು.

ಸೇರುವುದು ಸುಲಭ. ಒಂದು ಅರ್ಜಿ, ಗುರುತಿನ ಚೀಟಿ, ಬ್ಯಾಂಕಿನಿಂದ ತಾನಾಗಿ ಕಂತು ಹೋಗುವ ವ್ಯವಸ್ಥೆ, ಅಷ್ಟೇ. ಒಂದು ವಿಷಯ ಮಾತ್ರ ಗಮನಿಸಿ. ಮಕ್ಕಳ ಫೋಟೊಗಳನ್ನು ಸಾಲಾಗಿ ಇಟ್ಟು ಒಂದನ್ನು ಆರಿಸಿ ಅಂತ ಅವರು ಹೇಳಲಿಲ್ಲ. ಶಾಲೆಯ ಮುಖ್ಯಶಿಕ್ಷಕರು, ಊರಿನ ಇಬ್ಬರು ಮೂವರು, ಸಂಸ್ಥೆಯ ಒಬ್ಬರು ಸೇರಿದ ಸಮಿತಿ ಯಾರಿಗೆ ಅಗತ್ಯ ಹೆಚ್ಚು ಅಂತ ನೋಡಿ ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ ಮುಂದಿನ ಹೆಸರು ಯಾರದ್ದೋ ಅವರೇ ನಮಗೆ ಬರುತ್ತಾರೆ. ನನಗೆ ಇದು ತುಂಬಾ ಹಿಡಿಸಿತು. ಮುದ್ದಾಗಿ ನಗುವ ಮಗುವಿಗೆ ಬೇಗ ಸಹಾಯ ಸಿಕ್ಕಿ, ಕ್ಯಾಮೆರಾ ಕಂಡರೆ ಮುಖ ತಗ್ಗಿಸುವ ಮಗು ಕಾಯುತ್ತಾ ಕೂರುವುದು ನ್ಯಾಯವಲ್ಲ, ಅಲ್ವಾ?

ಇನ್ನು ಲೆಕ್ಕ. ಪ್ರತಿ ಅವಧಿಯ ಕೊನೆಗೆ ಒಂದು ಹಾಳೆ ಬರುತ್ತಿತ್ತು. ಅದನ್ನು ನೋಡಿದ ಮೇಲೆ ಶಾಲೆ ಖರ್ಚು ಅಂದರೆ ಏನು ಅಂತ ಯಾರಿಗಾದರೂ ಅರ್ಥವಾಗುತ್ತದೆ. ಶಾಲೆಯ ಫೀಸು ಅದರಲ್ಲಿ ದೊಡ್ಡ ಭಾಗವೇ ಅಲ್ಲ. ಅರ್ಧಕ್ಕಿಂತ ಜಾಸ್ತಿ ಹಾಸ್ಟೆಲ್ಲಿಗೆ ಹೋಗುತ್ತಿತ್ತು, ಯಾಕೆಂದರೆ ಅವಳ ಮನೆಯಿಂದ ದಿನಾ ಹೋಗಿ ಬರುವಷ್ಟು ಹತ್ತಿರದಲ್ಲಿ ಹೈಸ್ಕೂಲು ಇರಲಿಲ್ಲ. ಆಮೇಲೆ ಸಣ್ಣ ಸಣ್ಣ ಸಾಲುಗಳು. ರಜೆಗೆ ಮನೆಗೆ ಹೋಗಿ ಬರುವ ಬಸ್ ಚಾರ್ಜು. ಸಮವಸ್ತ್ರ, ಅದೂ ವರ್ಷದ ಮಧ್ಯೆ ಇನ್ನೊಂದು ಸಲ, ಆ ವಯಸ್ಸಿನ ಮಕ್ಕಳು ಬೆಳೆಯುವ ವೇಗ ಹಾಗಿರುತ್ತದೆ. ಶೂ. ಲ್ಯಾಬ್ ರೆಕಾರ್ಡ್ ಪುಸ್ತಕ. ಜಾಮಿಟ್ರಿ ಬಾಕ್ಸ್. ಸ್ಯಾನಿಟರಿ ಪ್ಯಾಡು. ಕಣ್ಣಿನ ಪರೀಕ್ಷೆ, ಕನ್ನಡಕ. ಪರೀಕ್ಷೆಗೆ ಹೆಸರು ನೋಂದಾಯಿಸುವ ಶುಲ್ಕ, ಅರ್ಜಿಗೆ ಅಂಟಿಸುವ ಫೋಟೊ, ಜನನ ಪ್ರಮಾಣಪತ್ರ ಮಾಡಿಸಿದ ಖರ್ಚು.

ಈ ಸಣ್ಣ ಸಾಲುಗಳೇ ಮಕ್ಕಳನ್ನು ಶಾಲೆಯಿಂದ ಹೊರಗೆ ದೂಡುವುದು. ಫೀಸು ಮನ್ನಾ ಆಗಿದ್ದರೂ ಸಮವಸ್ತ್ರ ಇಲ್ಲದೆ, ಪ್ಯಾಡ್ ಇಲ್ಲದೆ, ಬಸ್ಸಿಗೆ ಕಾಸಿಲ್ಲದೆ ಹುಡುಗಿಯರು ಮನೆಯಲ್ಲಿ ಉಳಿಯುತ್ತಾರೆ. ಕೀನ್ಯಾದಲ್ಲಿ ಎಸ್ತರ್ ಡಫ್ಲೊ, ಪಾಸ್ಕಲೀನ್ ಡುಪಾ, ಮೈಕೆಲ್ ಕ್ರೆಮರ್ ಅನ್ನುವ ಅರ್ಥಶಾಸ್ತ್ರಜ್ಞರು ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳ ಮಕ್ಕಳಿಗೆ ಉಚಿತ ಸಮವಸ್ತ್ರ ಕೊಟ್ಟು ಏನಾಗುತ್ತದೆ ಅಂತ ನೋಡಿದ್ದರು. ಶಾಲೆ ಬಿಡುವವರು ಕಡಿಮೆಯಾದರು, ಚಿಕ್ಕ ವಯಸ್ಸಿನಲ್ಲಿ ಬಸಿರಾಗುವುದೂ, ಮದುವೆಯಾಗುವುದೂ ಕಡಿಮೆಯಾಯಿತು. ಬರೀ ಬಟ್ಟೆ ಕೊಟ್ಟಿದ್ದಕ್ಕೆ! ನೀವು ಯಾವುದೇ ಸಂಸ್ಥೆಗೆ ಸೇರುವ ಮುಂಚೆ ಅವರ ಖರ್ಚಿನ ಪಟ್ಟಿ ಕೇಳಿ. ಅದರಲ್ಲಿ ಬರೀ ಫೀಸು, ಪುಸ್ತಕ ಅಂತ ಎರಡೇ ಸಾಲು ಇದ್ದರೆ ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕು.

ಇದೇ ಮೂರು ಜನ ಸೇರಿ ಘಾನಾದಲ್ಲಿ ಮಾಡಿದ ಕೆಲಸ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. 2008ರಲ್ಲಿ ಅಲ್ಲಿ ಹಿರಿಯ ಹೈಸ್ಕೂಲಿಗೆ ಸೀಟು ಸಿಕ್ಕಿಯೂ ದುಡ್ಡಿಲ್ಲದೆ ಸೇರದೇ ಉಳಿದ 2,064 ಮಕ್ಕಳನ್ನು ಗುರುತಿಸಿದರು. ಅವರಲ್ಲಿ 682 ಮಕ್ಕಳಿಗೆ ಲಾಟರಿ ಎತ್ತಿ ಪೂರ್ತಿ ನಾಲ್ಕು ವರ್ಷದ ವಿದ್ಯಾರ್ಥಿವೇತನ ಕೊಟ್ಟರು. ಮುಂದೆ ಎರಡೂ ಗುಂಪನ್ನು ವರ್ಷಗಟ್ಟಲೆ ಗಮನಿಸಿದರು. ಸಹಾಯ ಸಿಕ್ಕವರಲ್ಲಿ ಹೈಸ್ಕೂಲು ಮುಗಿಸಿದವರು ಬಹಳ ಹೆಚ್ಚು. ಆ ಹುಡುಗಿಯರಿಗೆ ಮಕ್ಕಳಾಗಿದ್ದೂ ತಡವಾಗಿ, ಕಡಿಮೆ. 2017ರಲ್ಲಿ ಘಾನಾ ಸರ್ಕಾರವೇ ಹಿರಿಯ ಹೈಸ್ಕೂಲನ್ನು ಉಚಿತ ಮಾಡಿತು. ಈ ಅಧ್ಯಯನದಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ನಾಲ್ಕು ವರ್ಷ ಅನ್ನುವ ಮಾತು. ಒಂದು ವರ್ಷ ಕೊಟ್ಟು ನೋಡೋಣ, ಆಮೇಲೆ ಮುಂದಿನದು ಅಂತ ಅವರು ಮಾಡಲಿಲ್ಲ.

ಈಗ ನಾನು ಮೊದಲು ಕೇಳಿದ್ದ ಎರಡನೇ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಅದು ನಿಜಕ್ಕೂ ಎದುರಾಯಿತು. ಹುಡುಗಿ ಎರಡನೇ ವರ್ಷ ಗಣಿತ ಮತ್ತು ವಿಜ್ಞಾನದಲ್ಲಿ ಫೇಲಾದಳು. ಸಂಸ್ಥೆಯವರು ಅದನ್ನು ಮುಚ್ಚಿಡಲಿಲ್ಲ, ಬೆಣ್ಣೆ ಹಚ್ಚಿಯೂ ಹೇಳಲಿಲ್ಲ. ಅಂಕಪಟ್ಟಿಯ ಜೊತೆ ಒಂದು ಪುಟದ ವರದಿ ಬಂತು. ಆ ವರ್ಷ ಅವಳ ತಾಯಿಗೆ ಕಾಯಿಲೆ, ಅವಳು ಅವಧಿಯ ಮಧ್ಯೆ ವಾರಗಟ್ಟಲೆ ಮನೆಯಲ್ಲಿ ಉಳಿದು ತಮ್ಮಂದಿರನ್ನು ನೋಡಿಕೊಂಡಿದ್ದಳು. ತರಗತಿಯಲ್ಲಿ ಮುಂದೆ ನಡೆದ ಪಾಠ ಅವಳಿಗೆ ಸಿಕ್ಕಿರಲೇ ಇಲ್ಲ. ವರದಿ ಬರೆದದ್ದು ಅವಳನ್ನು ನೋಡಿಕೊಳ್ಳುವ ಮಾರ್ಗದರ್ಶಿ. ಈಕೆಯೂ ಹಿಂದೆ ಇದೇ ಸಂಸ್ಥೆಯ ಸಹಾಯದಲ್ಲಿ ಓದಿದವಳು, ಹತ್ತಿರದ ಊರಿನವಳು. ತಿಂಗಳಿಗೊಮ್ಮೆ ಹಾಸ್ಟೆಲ್ಲಿಗೆ ಹೋಗುತ್ತಾಳೆ, ಅಗತ್ಯ ಬಿದ್ದರೆ ಮನೆಗೂ ಹೋಗುತ್ತಾಳೆ.

ವರದಿಯ ಕೊನೆಗೆ ಮೂರು ವಿಷಯ ಇತ್ತು. ವರ್ಷ ಮತ್ತೆ ಓದಿಸುತ್ತೇವೆ. ಸಂಜೆ ಗಣಿತಕ್ಕೆ ಟ್ಯೂಷನ್ ಏರ್ಪಾಡು ಮಾಡಿದ್ದೇವೆ. ಹೆಚ್ಚುವರಿ ವರ್ಷದ ಖರ್ಚು ನೀವು ಕೊಡಬಹುದು, ಆಗದಿದ್ದರೆ ಸಾಮಾನ್ಯ ನಿಧಿಯಿಂದ ಹೋಗುತ್ತದೆ, ಎರಡರಲ್ಲಿ ಯಾವುದಾದರೂ ಅವಳ ಓದು ನಿಲ್ಲುವುದಿಲ್ಲ. ನಾನು ಕೊಟ್ಟೆ. ಆದರೆ ನನಗೆ ಸಮಾಧಾನ ಆಗಿದ್ದು ಆ ಕೊನೆಯ ಮಾತಿನಿಂದ. ಫೇಲಾದ ಮಗುವನ್ನು ಪಟ್ಟಿಯಿಂದ ಕೈಬಿಟ್ಟು ಜಾಣ ಮಕ್ಕಳನ್ನು ಮಾತ್ರ ಇಟ್ಟುಕೊಂಡರೆ ಸಂಸ್ಥೆಯ ಫಲಿತಾಂಶ ಬಹಳ ಚೆನ್ನಾಗಿ ಕಾಣುತ್ತದೆ. ವಾರ್ಷಿಕ ವರದಿಯಲ್ಲಿ ನೂರಕ್ಕೆ ಇಷ್ಟು ಪಾಸು ಅಂತ ದೊಡ್ಡದಾಗಿ ಹಾಕಬಹುದು. ಇವರ ವರದಿಯಲ್ಲಿ ಫೇಲಾದವರು, ವರ್ಷ ಮತ್ತೆ ಓದಿದವರು, ಓದು ಬಿಟ್ಟವರು ಎಲ್ಲರ ಲೆಕ್ಕವೂ ಇರುತ್ತದೆ. ಬಿಟ್ಟವರು ಯಾಕೆ ಬಿಟ್ಟರು ಅಂತಲೂ ಬರೆದಿರುತ್ತಾರೆ. ಲೆಕ್ಕ ನೋಡುವವಳಾಗಿ ಹೇಳುತ್ತೇನೆ, ಕೆಟ್ಟ ಸಾಲನ್ನು ತಾವಾಗಿಯೇ ತೋರಿಸುವವರ ಒಳ್ಳೆಯ ಸಾಲನ್ನು ನಂಬಬಹುದು.

ಓದಿ ಹೊರಬಂದವರೇ ಮುಂದಿನವರನ್ನು ನೋಡಿಕೊಳ್ಳುವ ಈ ಪದ್ಧತಿ ಇವರೊಬ್ಬರದ್ದೇ ಅಲ್ಲ. ಆನ್ ಕಾಟನ್ ಅನ್ನುವವರು 1993ರಲ್ಲಿ ಕ್ಯಾಮ್‌ಫೆಡ್ ಸಂಸ್ಥೆ ಶುರು ಮಾಡಿ ಜಿಂಬಾಬ್ವೆಯಲ್ಲಿ 32 ಹುಡುಗಿಯರ ಓದಿನ ಖರ್ಚು ಹೊತ್ತರು. ಹಳ್ಳಿಯ ಹುಡುಗಿಯರು ಹೈಸ್ಕೂಲಿಗೆ ಹೋಗದಿರಲು ಸಂಪ್ರದಾಯವೇ ಕಾರಣ ಅಂತ ಹೊರಗಿನವರು ಅಂದುಕೊಂಡಿದ್ದರು. ಕಾಟನ್ ಅಲ್ಲಿಗೆ ಹೋಗಿ ಜನರನ್ನು ಕೇಳಿದಾಗ ಸಿಕ್ಕ ಉತ್ತರ ಬಡತನ. ಒಬ್ಬರನ್ನೇ ಓದಿಸುವಷ್ಟು ದುಡ್ಡಿದ್ದಾಗ ಮುಂದೆ ಕೆಲಸ ಸಿಗುವ ಸಾಧ್ಯತೆ ಜಾಸ್ತಿ ಅಂತ ಗಂಡುಮಗನನ್ನು ಕಳಿಸುತ್ತಿದ್ದರು, ಅಷ್ಟೇ. ಆ ಸಂಸ್ಥೆಯ ನೆರವಿನಿಂದ ಓದಿದ ಹೆಣ್ಣುಮಕ್ಕಳು ತಮ್ಮದೇ ಬಳಗ ಕಟ್ಟಿಕೊಂಡು ಇವತ್ತು ಶಾಲೆಗಳಲ್ಲಿ ಚಿಕ್ಕವರಿಗೆ ಮಾರ್ಗದರ್ಶನ ಮಾಡುತ್ತಾರೆ. ನನ್ನ ಸಂಸ್ಥೆ ಅದಕ್ಕಿಂತ ಎಷ್ಟೋ ಚಿಕ್ಕದು, ಆದರೆ ಆ ಮಾರ್ಗದರ್ಶಿ ಇಲ್ಲದಿದ್ದರೆ ನನ್ನ ಹುಡುಗಿ ಎರಡನೇ ವರ್ಷವೇ ಮನೆಗೆ ಹೋಗಿಬಿಡುತ್ತಿದ್ದಳು. ದುಡ್ಡು ನಾನು ಕೊಟ್ಟಿರಬಹುದು. ಅವಳ ಮನೆಗೆ ಹೋಗಿ, ತಾಯಿಯ ಹತ್ತಿರ ಕೂತು ಮಾತಾಡಿ, ತಮ್ಮಂದಿರನ್ನು ನೋಡಿಕೊಳ್ಳಲು ಚಿಕ್ಕಮ್ಮನನ್ನು ಒಪ್ಪಿಸಿ ಹುಡುಗಿಯನ್ನು ವಾಪಸ್ ಕರೆತಂದದ್ದು ಅವಳು.

ಪತ್ರಗಳ ವಿಷಯ. ವರ್ಷಕ್ಕೆ ಎರಡು ಪತ್ರ ಬರುತ್ತವೆ, ನಾವೂ ಬರೆಯಬಹುದು. ಎರಡೂ ಕಡೆಯ ಪತ್ರವನ್ನು ಸಂಸ್ಥೆಯವರು ಓದಿಯೇ ಕಳಿಸುತ್ತಾರೆ. ನಮ್ಮ ವಿಳಾಸ ಅವಳಿಗೆ ಕೊಡುವುದಿಲ್ಲ, ಅವಳದು ನಮಗಿಲ್ಲ. ನೇರವಾಗಿ ಫೋನು ಇಲ್ಲ, ನಾವಾಗಿ ಹೋಗಿ ನೋಡುವಂತಿಲ್ಲ. ಕೆಲವರಿಗೆ ಇದು ಬೇಜಾರಾಗುತ್ತದೆ ಅಂತ ಗೊತ್ತು. ನನಗೆ ಇದು ಸರಿ ಅನ್ನಿಸುತ್ತದೆ. ದುಡ್ಡು ಕೊಡುವ ದೊಡ್ಡವರು ಮತ್ತು ದುಡ್ಡು ಬೇಕಾದ ಮಗು, ಇವರಿಬ್ಬರ ನಡುವೆ ಯಾರಾದರೂ ನಿಂತಿರಲೇಬೇಕು. ಒಳ್ಳೆಯ ಮನಸ್ಸಿನವರಿಗೆ ಇದರಿಂದ ಏನೂ ನಷ್ಟವಿಲ್ಲ. ಅವಳ ಪತ್ರಗಳು ಮೊದಲಿಗೆ ಬೇರೆ ಯಾರೋ ಹೇಳಿ ಬರೆಸಿದ ಹಾಗಿದ್ದವು, ಬರೀ ಕೃತಜ್ಞತೆ. ಇಂಥ ಪತ್ರ ಬೇಡ, ಅವಳಿಗೆ ಇಷ್ಟವಿದ್ದರೆ ಬರೆಯಲಿ, ಇಲ್ಲದಿದ್ದರೆ ಬೇಡ ಅಂತ ನಾನು ಸಂಸ್ಥೆಗೆ ತಿಳಿಸಿದೆ. ಆಮೇಲೆ ಬಂದದ್ದು ನಿಜವಾದ ಪತ್ರ. ಭೂಗೋಳದ ಮೇಷ್ಟ್ರು ಬೇಗ ಬೇಗ ಪಾಠ ಮಾಡುತ್ತಾರೆ ಅನ್ನುವ ದೂರು, ವಾಲಿಬಾಲ್ ಪಂದ್ಯದಲ್ಲಿ ಸೋತ ಸಿಟ್ಟು, ಗೆಳತಿಯ ಜೊತೆ ಜಗಳ. ಹದಿನೈದರ ಹುಡುಗಿ ಬರೆಯಬೇಕಾದ ಪತ್ರ ಅದು.

ಕಡಿಮೆಯಾದ ಒಂದು ಸ್ಟಾರ್ ಯಾಕೆ ಅಂದರೆ, ಒಂದು ಅವಧಿಯ ಹಾಳೆಯಲ್ಲಿ "ಇತರೆ" ಅನ್ನುವ ಸಾಲಿನಲ್ಲಿ ದೊಡ್ಡ ಮೊತ್ತ ಇತ್ತು. ವಿವರ ಕೇಳಿದೆ. ಉತ್ತರ ಬರಲು ತುಂಬಾ ದಿನ ಹಿಡಿಯಿತು, ಅದೂ ನಾನು ಮತ್ತೆ ಮತ್ತೆ ಬರೆದ ಮೇಲೆ. ಬಂದಾಗ ರಸೀದಿಗಳೆಲ್ಲ ಸರಿಯಾಗಿದ್ದವು. ಅವಳ ಆಸ್ಪತ್ರೆ ಖರ್ಚು ಅದು. ತಪ್ಪು ಖರ್ಚಿನಲ್ಲಿ ಇರಲಿಲ್ಲ, ಅದನ್ನು "ಇತರೆ" ಅಂತ ಬರೆದದ್ದರಲ್ಲಿ ಇತ್ತು. ಇತರೆ ಅನ್ನುವ ಸಾಲು ಸಣ್ಣದಾಗಿರಬೇಕು, ಇಲ್ಲದಿದ್ದರೆ ವಿವರ ಜೊತೆಗೇ ಬರಬೇಕು. ಎಲ್ಲರೂ ನನ್ನ ಹಾಗೆ ಬೆನ್ನು ಹತ್ತಿ ಕೇಳುವುದಿಲ್ಲ, ಸುಮ್ನೆ ಅನುಮಾನ ಇಟ್ಟುಕೊಂಡು ದೂರ ಸರಿಯುತ್ತಾರೆ. ಇನ್ನೊಂದು ದೂರು, ಹಬ್ಬ ಬಂತು, ಹುಟ್ಟುಹಬ್ಬ ಬಂತು, ಮಗುವಿಗೆ ವಿಶೇಷ ಉಡುಗೊರೆ ಕಳಿಸಿ ಅಂತ ಬರುವ ಮೇಲ್‌ಗಳು. ಒಂದೇ ಹಾಸ್ಟೆಲ್ಲಿನಲ್ಲಿ ಒಬ್ಬಳಿಗೆ ಹೊಸ ಬ್ಯಾಗು ಬಂದು ಪಕ್ಕದವಳಿಗೆ ಬರದಿದ್ದರೆ ಆ ಇಬ್ಬರಿಗೂ ಒಳ್ಳೆಯದಾಗುವುದಿಲ್ಲ. ಉಡುಗೊರೆಯ ಹಣ ಇಡೀ ಹಾಸ್ಟೆಲ್ಲಿಗೆ ಹೋಗಲಿ ಅಂತ ಬರೆದೆ. ಈಗ ಅರ್ಜಿಯಲ್ಲಿ ಆ ಆಯ್ಕೆಯೂ ಇದೆ.

ಒಂದು ಮಗುವಿಗೆ ಕೊಡುವ ಬದಲು ಇಡೀ ಶಾಲೆಗೆ ಕೊಡುವುದು ಮೇಲಲ್ಲವೇ ಅಂತ ಕೆಲವರು ಕೇಳುತ್ತಾರೆ. ಹಳೆಯ ಚರ್ಚೆ ಇದು. ಸ್ಪೇನಿನ ಅಂತರ್ಯುದ್ಧದಲ್ಲಿ ಅನಾಥರಾದ ಮಕ್ಕಳಿಗಾಗಿ ಪತ್ರಕರ್ತ ಜಾನ್ ಲ್ಯಾಂಗ್ಡನ್-ಡೇವಿಸ್ 1937ರಲ್ಲಿ ಶುರು ಮಾಡಿದ ಸಂಸ್ಥೆಯೇ ಇಂದಿನ ಪ್ಲಾನ್ ಇಂಟರ್‌ನ್ಯಾಷನಲ್. ಒಬ್ಬ ದಾನಿ, ಒಂದು ಮಗು ಅನ್ನುವುದು ಆಗಿನ ಕ್ರಮ. ಈಗ ಅನೇಕ ದೊಡ್ಡ ಸಂಸ್ಥೆಗಳು ಮಗುವಿನ ಹೆಸರಿನಲ್ಲಿ ಬಂದ ಹಣವನ್ನು ಒಟ್ಟು ಮಾಡಿ ಇಡೀ ಊರಿನ ಶಾಲೆ, ನೀರು, ಆರೋಗ್ಯಕ್ಕೆ ಬಳಸುತ್ತವೆ. ಅದರಲ್ಲಿ ತಪ್ಪಿಲ್ಲ, ಸೇರುವ ಮುಂಚೆಯೇ ಅದನ್ನು ಸ್ಪಷ್ಟವಾಗಿ ಹೇಳಿರಬೇಕು ಅಷ್ಟೇ. ಒಂದೊಂದೇ ಮಗುವಿಗೆ ಕೊಡುವುದರಿಂದ ಉಪಯೋಗ ಇದೆಯಾ ಅನ್ನುವುದಕ್ಕೂ ಉತ್ತರ ಇದೆ. ಬ್ರೂಸ್ ವೈಡಿಕ್, ಪಾಲ್ ಗ್ಲೂ, ಲೇನ್ ರಟ್ಲೆಜ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಭಾರತವೂ ಸೇರಿ ಆರು ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿತು. ಚಿಕ್ಕವರಿದ್ದಾಗ ಕಂಪ್ಯಾಶನ್ ಇಂಟರ್‌ನ್ಯಾಷನಲ್ ಅನ್ನುವ ಸಂಸ್ಥೆಯ ಮೂಲಕ ಇಂಥ ನೆರವು ಪಡೆದವರು 1.03ರಿಂದ 1.46 ವರ್ಷದಷ್ಟು ಹೆಚ್ಚು ಓದಿದ್ದರು. ಹೈಸ್ಕೂಲು ಮುಗಿಸಿದವರೂ ಜಾಸ್ತಿ. ಆ ಮಕ್ಕಳ ಆಸೆಗಳು ಬೆಳೆದದ್ದೂ ಇದಕ್ಕೆ ಒಂದು ಕಾರಣ ಇರಬಹುದು ಅನ್ನುತ್ತಾರೆ ಆ ಸಂಶೋಧಕರು. ನಾನೂ ಓದಬಲ್ಲೆ, ನಾನೂ ಏನೋ ಆಗಬಲ್ಲೆ ಅನ್ನುವ ಆಸೆ.

ಯಾರಿಗೆ ಈ ಸೇವೆ ಹೇಳುತ್ತೇನೆ ಅಂದರೆ, ಕೋರ್ಸು ಮುಗಿಯುವ ತನಕ ಕೊಡಲು ಮನಸ್ಸಿರುವವರಿಗೆ, ಮಗುವಿನಿಂದ ಏನನ್ನೂ ವಾಪಸ್ ಬಯಸದವರಿಗೆ. ಒಂದು ಸಲ ಕೊಟ್ಟು ಬಿಡುವ ಯೋಚನೆ ಇದ್ದರೆ ಸಾಮಾನ್ಯ ನಿಧಿಗೆ ಕೊಡಿ, ಅದೂ ಬಹಳ ಬೇಕಾದ ಹಣ. ಮೊದಲ ಫೋನಿನಲ್ಲೇ ನನ್ನ ಎರಡು ಪ್ರಶ್ನೆ ಕೇಳಿ. ಉತ್ತರ ಲಿಖಿತವಾಗಿ ತೆಗೆದುಕೊಳ್ಳಿ. ಪರೀಕ್ಷೆ ಶುಲ್ಕ ಮತ್ತು ಅಂಕಪಟ್ಟಿ ಪಡೆಯುವ ಖರ್ಚು ಕಂತಿನಲ್ಲಿ ಸೇರಿದೆಯಾ ಅಂತಲೂ ಕೇಳಿ. ಪರೀಕ್ಷೆ ಬರೆದ ಮೇಲೂ ಶಾಲೆಯ ಬಾಕಿ ಇದೆ ಅಂತ ಅಂಕಪಟ್ಟಿ ತಡೆಹಿಡಿದರೆ ಅಷ್ಟು ವರ್ಷ ಓದಿದ್ದೂ ಅಲ್ಲೇ ನಿಲ್ಲುತ್ತದೆ.

ಹುಡುಗಿ ಪಾಸಾದಳು. ಗಣಿತದಲ್ಲಿ ಸಾಧಾರಣ ಅಂಕ, ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ. ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿದ್ದಾಳೆ. ಆ ಖರ್ಚು ಈ ಸಂಸ್ಥೆಯ ವ್ಯಾಪ್ತಿಗೆ ಬರುವುದಿಲ್ಲ. ಹೈಸ್ಕೂಲಿಗೇ ಅವರ ಕೆಲಸ ಮುಗಿಯುತ್ತದೆ. ಬೇರೆ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಆ ಮಾರ್ಗದರ್ಶಿಯೇ ಅವಳ ಜೊತೆ ಕೂತಿದ್ದಾಳೆ. ಸಂಸ್ಥೆಯವರು ನನಗೆ ಇನ್ನೊಂದು ಹೆಸರು ಕಳಿಸಿದ್ದಾರೆ. ಈ ಸಲ ಒಬ್ಬ ಹುಡುಗ, ಅವನ ಖರ್ಚು ಕೊಡುತ್ತಿದ್ದವರು ನಿಲ್ಲಿಸಿದ್ದರಿಂದ ಸಾಮಾನ್ಯ ನಿಧಿಯಲ್ಲಿ ಓದುತ್ತಿದ್ದಾನೆ. ಕೊನೆಯ ಪರೀಕ್ಷೆಗೆ ಇನ್ನೂ ಎರಡು ವರ್ಷ ಇದೆ. ಅರ್ಜಿಗೆ ಸಹಿ ಹಾಕಿ ಕಳಿಸಿದ್ದೇನೆ, "ಇತರೆ" ಸಾಲಿನ ವಿವರ ಪ್ರತಿ ಅವಧಿಗೂ ಬೇಕು ಅಂತ ಕೆಳಗೆ ಬರೆದು.